ಸ್ಪ್ರಿಂಗ್ ಇನ್ನೂ ಬಂದಿಲ್ಲ

ಊರಿನವರು ಅವನಿಗೆ ಇಟ್ಟ ಹೆಸರು ನಾಳೆಯಪ್ಪ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಅಂಗಡಿಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿಯೂ ಇತ್ತು. ಆದರೆ ಬೋರ್ಡು ಓದುವ ವ್ಯವಧಾನ ಯಾರಿಗಿದೆ? ಬಂದೂಕು ರಿಪೇರಿಗೆ ಕೊಟ್ಟವರು ಯಾವಾಗ ಬರಲಿ ಎಂದು ಕೇಳಿದರೆ ತಲೆಯೆತ್ತದೆ "ನಾಳೆ ಬನ್ನಿ" ಎನ್ನುತ್ತಿದ್ದ. ನಾಳೆ ಹೋದರೆ ಮತ್ತೊಂದು ನಾಳೆ. ಹೀಗೆ ಅಲೆದು ಅಲೆದು ಚಪ್ಪಲಿ ಸವೆಸಿಕೊಂಡ ಯಾರೋ ಪುಣ್ಯಾತ್ಮ ಸಿಟ್ಟಿನಲ್ಲಿ ಹಾಗೆ ಕರೆದ, ಊರು ಅದನ್ನೇ ಹಿಡಿದುಕೊಂಡಿತು.

ಬೀಗ ರಿಪೇರಿಯವರು, ಹೊಲಿಗೆ ಯಂತ್ರದವರು, ಕನ್ನಡಕದವರು ಸಾಲಾಗಿ ಕೂತಿದ್ದ ಬೀದಿಯಲ್ಲಿ ಅವನದು ಕೊನೆಯ ಅಂಗಡಿ. ಅಗಲಕ್ಕಿಂತ ಉದ್ದವೇ ಹೆಚ್ಚು. ಮುಂದೆ ಒಂದು ಮರದ ಕೌಂಟರು, ಅಲ್ಲಿ ಹೆಂಡತಿ ಕೂರುತ್ತಿದ್ದಳು. ಹಿಂದೆ ಕೆಲಸದ ಮೇಜು. ಅದರ ಅಂಚಿಗೆ ಬಿಗಿದ, ಬಿಡಿಭಾಗ ಕಚ್ಚಿ ಹಿಡಿಯುವ ಕಬ್ಬಿಣದ ವೈಸು, ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ತೂಗುಹಾಕಿದ, ಕಬ್ಬಿಣ ಉಜ್ಜುವ ಅರಗಳು, ಎಣ್ಣೆಯ ಡಬ್ಬ, ಹಳೆ ಪೈಜಾಮದಿಂದ ಕತ್ತರಿಸಿದ ಒರೆಸುವ ಬಟ್ಟೆ. ಎಡಗಡೆ ಗೋಡೆಗೆ ಬಂದೂಕುಗಳ ಸ್ಟ್ಯಾಂಡು. ಎಲ್ಲ ಬಂದೂಕುಗಳ ಟ್ರಿಗರಿನ ಬಳೆಯೊಳಗಿಂದ ಒಂದೇ ಸರಪಳಿ ಹಾಯ್ದು ಕೊನೆಯಲ್ಲಿ ಬೀಗ ಬೀಳುತ್ತಿತ್ತು. ಬೀಗದ ಕೈ ಅವನ ಸೊಂಟದಲ್ಲೇ ಇರುತ್ತಿತ್ತು, ಸ್ನಾನಕ್ಕೆ ಹೋದಾಗಲೂ.

ಲೈಸೆನ್ಸು ಹೊಸದು ಮಾಡಿಸುವ ಕಾಲಕ್ಕೆ ಎಲ್ಲರೂ ಅವನ ಬಳಿಗೆ ಬರಲೇಬೇಕು. ಬ್ಯಾಂಕಿನ ಗಾರ್ಡುಗಳು, ಹಂದಿ ಕಾಟವಿರುವ ತೋಟದವರು, ಗುರಿ ಹೊಡೆಯುವ ಕ್ಲಬ್ಬಿನ ನಿವೃತ್ತರು, ಅಪ್ಪನ ಕಾಲದ ಬಂದೂಕನ್ನು ಮೀಸೆಗಿಂತ ಹೆಚ್ಚು ಜೋಪಾನ ಮಾಡುವವರು. ಬಂದೂಕು ಸರಿಯಿದೆ ಎಂದು ಅವನ ಚೀಟಿ ಬೇಕು, ಮನುಷ್ಯ ಸರಿಯಿದ್ದಾನೆ ಎಂದು ಡಾಕ್ಟರ ಚೀಟಿ ಬೇಕು. ಬಂದೂಕು ಏನನ್ನೂ ಮುಚ್ಚಿಡುವುದಿಲ್ಲ. ಮನುಷ್ಯನ ವಿಷಯ ಹಾಗಲ್ಲ. ಜ್ವರವಿದ್ದರೆ ಡಾಕ್ಟರಿಗೆ ಹೇಳುತ್ತಾನೆ, ಮೊಣಕಾಲು ನೋವಿದ್ದರೆ ಕೇಳದಿದ್ದರೂ ಹೇಳುತ್ತಾನೆ. ನಿದ್ದೆ ಬರುತ್ತಿಲ್ಲ, ಬದುಕು ಬೇಡವಾಗಿದೆ ಎಂದು ಮಾತ್ರ ಬಾಯಿ ಬಿಡುವುದಿಲ್ಲ. ಬಿಟ್ಟರೆ ಲೈಸೆನ್ಸು ಹೋಯಿತು. ಗಾರ್ಡಿಗಾದರೆ ಅದರ ಬೆನ್ನಿಗೇ ಕೆಲಸವೂ ಹೋಯಿತು.

ನಿಜ ಹೇಳಬೇಕೆಂದರೆ ನಾಳೆಯಪ್ಪನ ಕೈ ಬಹಳ ಚುರುಕು. ಎಂಥ ಬಂದೂಕನ್ನೂ ಬಿಚ್ಚಿ ತೊಳೆದು ಎಣ್ಣೆ ಹಾಕಿ ಜೋಡಿಸಲು ಅವನಿಗೆ ಒಂದು ಬೆಳಗು ಸಾಕು. ಮದುವೆಯಾದ ಹೊಸದರಲ್ಲಿ ಅವನು ಹೇಳಿದ ಹೊತ್ತಿಗಿಂತ ಮೊದಲೇ ಕೊಟ್ಟು ಎದುರಿನವರ ಮುಖ ನೋಡಿ ಖುಷಿಪಡುವ ಜಾತಿಯವನಾಗಿದ್ದ. ಆ ಚಟ ಬಿಟ್ಟದ್ದು ಗಡಿಯಾರದವನಿಂದ.

ಗಡಿಯಾರದವನು ಅದೇ ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡಿದ್ದವನು. ಸಕ್ಕರೆ ಕಾಯಿಲೆಯಿಂದ ಅವನ ಕಣ್ಣು ಮಂಜಾಯಿತು. ಸಣ್ಣದು ಕಾಣದೆ ಗಡಿಯಾರದ ಹೊಟ್ಟೆಯೊಳಗೆ ಏನು ಮಾಡಲಾದೀತು, ಅಂಗಡಿ ಮುಚ್ಚಿದ. ಒಂದು ಮಳೆಗಾಲದ ಬೆಳಿಗ್ಗೆ ತನ್ನ ಬಂದೂಕನ್ನು ತಂದುಕೊಟ್ಟು, "ರಿನ್ಯೂವಲ್ ಮಾಡಿಸ್ಬೇಕು, ಸ್ವಲ್ಪ ನೋಡಿಬಿಡಪ್ಪ" ಎಂದ. ನಾಳೆಯಪ್ಪ ಮಧ್ಯಾಹ್ನದೊಳಗೆ ಫಳಫಳ ಹೊಳೆಸಿ ಕೈಗಿಟ್ಟ. ಗಡಿಯಾರದವನು ತಮಾಷೆ ಮಾಡಿದ, ಬೆನ್ನು ತಟ್ಟಿದ, ಹೊರಟ. ಹೊರಗೆ ಧೋ ಎಂದು ಮಳೆ. ಹೆಂಡತಿ ಕೌಂಟರಿನಿಂದ ಕೂಗಿದಳು.

"ಅಣ್ಣಾ, ಛತ್ರಿ ಬಿಟ್ಟು ಹೋಗ್ತಿದ್ದೀರಲ್ಲ!"

"ಇಟ್ಕೊಳ್ಳಮ್ಮ. ನನಗಿನ್ನು ಬೇಡ."

ಮರುದಿನ ಬೆಳಿಗ್ಗೆ ಪೊಲೀಸರು ಅಂಗಡಿಗೆ ಬಂದು, ಬಂದೂಕು ಸರಿಯಾಗಿತ್ತೇ ಎಂದು ಕೇಳಿದರು. ಸರಿಯಾಗಿತ್ತು ಎಂದು ನಾಳೆಯಪ್ಪ ಹೇಳಿದ. ಅವನ ಬಾಯಿಂದ ಅಂಥ ಕೆಟ್ಟ ಮಾತು ಇನ್ನೊಂದು ಬಂದಿರಲಾರದು. ಆ ಛತ್ರಿಯನ್ನು ಹೆಂಡತಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದಳು. ಎಂಥ ಮಳೆ ಬಂದರೂ ಇಬ್ಬರೂ ಅದನ್ನು ಬಿಚ್ಚಲಿಲ್ಲ.

ಆಮೇಲೆ ಗಂಡ ಬಂದೂಕು ನೋಡಿದ, ಹೆಂಡತಿ ಮನುಷ್ಯನನ್ನು ನೋಡಿದಳು. ಅಂಗಿಯ ಗುಂಡಿ ಹೆಚ್ಚುಕಮ್ಮಿಯಾದವರು, ಕೆನ್ನೆ ಇಳಿದವರು, ಕಾರಣವಿಲ್ಲದೆ ವಿಪರೀತ ಖುಷಿಯಾಗಿ ಬಂದವರು, ಕೊಟ್ಟ ಚಹಾ ಮರೆತು ಆರಿಸಿದವರು, ಯಾರೂ ಅವಳ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲ. ಅಂಥವರು ಬಂದೂಕು ಕೇಳಿದಾಗ ಅವಳು ಹಿಂದಕ್ಕೆ ತಿರುಗಿ ಗಂಡನನ್ನು ಕೇಳುವಳು: "ಸ್ಪ್ರಿಂಗ್ ಬಂತೇನ್ರೀ?"

"ಇಲ್ವೇ, ಇನ್ನೂ ಬಂದಿಲ್ಲ. ನಾಳೆ ಬನ್ನಿ ಸ್ವಾಮಿ."

ಯಾವ ಊರಿನಿಂದಲೂ ಯಾವ ಸ್ಪ್ರಿಂಗೂ ಬರುವುದಿರಲಿಲ್ಲ. ಹೆಂಡತಿ ಕೇಳುವುದನ್ನು ಬಿಟ್ಟ ದಿನ ಸ್ಪ್ರಿಂಗ್ ಬಂದಿತು ಎಂದು ಲೆಕ್ಕ. ಎಡವಟ್ಟುಗಳೂ ಆದವು. ಮುಖ ಸೊಟ್ಟಗೆ ಮಾಡಿಕೊಂಡು ಬಂದ ತೋಟದವನೊಬ್ಬನನ್ನು ವಾರಗಟ್ಟಲೆ ಅಲೆಸಿದರು. ಕೊನೆಗೆ ನೋಡಿದರೆ ಪಾಪ, ಅವನಿಗಿದ್ದದ್ದು ದವಡೆ ಹಲ್ಲಿನ ನೋವು. ಅಷ್ಟರಲ್ಲಿ ಹಂದಿಗಳು ಅವನ ಗೆಣಸನ್ನೆಲ್ಲ ಅಗೆದು ತಿಂದು ತೇಗಿದ್ದವು. ಅವನು ಬೀದಿಯಲ್ಲಿ ನಿಂತು ಬೈದ ಬೈಗುಳವನ್ನು ಹೊಲಿಗೆ ಯಂತ್ರದವನು ಇಂದಿಗೂ ಗಿರಾಕಿಗಳಿಗೆ ಹೇಳಿ ನಗಿಸುತ್ತಾನೆ.

ಬ್ಯಾಂಕಿನ ಗಾರ್ಡಿನ ಕಥೆ ಅಷ್ಟು ಸಲೀಸಾಗಿರಲಿಲ್ಲ. ಅವನ ಹೆಂಡತಿ ಮಗನನ್ನು ಕಟ್ಟಿಕೊಂಡು ತವರಿಗೆ ಹೋಗಿದ್ದಳು. ಇವನು ಮಂಚ ಬಿಟ್ಟು ಕುರ್ಚಿಯಲ್ಲಿ ರಾತ್ರಿ ಕಳೆಯುತ್ತಿದ್ದ. ಆ ಬ್ಯಾಂಕಿನಲ್ಲಿ ಸ್ವಂತ ಬಂದೂಕಿದ್ದರೆ ಮಾತ್ರ ಬಾಗಿಲ ಬಳಿಯ ಡ್ಯೂಟಿ. ನಾಳೆಯಪ್ಪ ಬಂದೂಕು ಇಟ್ಟುಕೊಂಡು ಸತಾಯಿಸಿದ, ಬ್ಯಾಂಕಿನವರು ಇವನನ್ನು ಸ್ಕೂಟರು ನಿಲ್ಲಿಸುವ ಜಾಗಕ್ಕೆ ತಳ್ಳಿದರು. ಬಾಗಿಲಲ್ಲಿ ಎದೆ ಸೆಟೆಸಿ ನಿಂತಿದ್ದವನು ಬಿಸಿಲಲ್ಲಿ ಸ್ಕೂಟರುಗಳಿಗೆ ಅತ್ತ ಸರಿ ಇತ್ತ ಸರಿ ಎನ್ನುವಂತಾಯಿತು. ದಿನಾ ಬೆಳಿಗ್ಗೆ ಅಂಗಡಿಗೆ ಬಂದು ಕಿರುಚಾಡುವನು. ಅವನ ಸಿಟ್ಟಿನಲ್ಲಿ ನ್ಯಾಯವಿತ್ತು, ಅದು ಗಂಡಹೆಂಡಿರಿಬ್ಬರಿಗೂ ಗೊತ್ತಿತ್ತು.

"ಬೈಯೋದಾದ್ರೆ ಕೂತು ಬೈಯಪ್ಪ" ಎಂದು ಅವಳು ಸ್ಟೂಲು ಎಳೆದು ಹಾಕುತ್ತಿದ್ದಳು. "ನಿಂತು ಬೈದ್ರೆ ಗಂಟಲು ನೋಯುತ್ತೆ."

ಚಹಾ ಕೊಡುತ್ತಿದ್ದಳು. ಅವನು ಚಹಾ ಕುಡಿದು ಮತ್ತೆ ಬೈಯುತ್ತಿದ್ದ. ಒಂದು ದಿನ ಹೊರಡುವಾಗ ಮಳೆ ಬಂತೆಂದು ಬಾಗಿಲ ಹಿಂದಿನ ಛತ್ರಿಗೆ ಕೈ ಹಾಕಿದ.

"ಅದನ್ನ ಮಾತ್ರ ಮುಟ್ಬೇಡ" ಎಂದು ಅವಳು ತಡೆದಳು. ತಡೆದ ಮೇಲೆ ಯಾಕೆಂದೂ ಹೇಳಬೇಕಾಯಿತು. ಗಡಿಯಾರದವನ ವಿಷಯ ಪೂರ್ತಿ ಹೇಳಿದಳು. ಗಾರ್ಡು ಸ್ಟೂಲಿನ ಮೇಲೆ ಕೂತು ಕೇಳಿದ, ಮಳೆಯಲ್ಲಿ ನೆನೆದುಕೊಂಡೇ ಹೋದ. ಆ ವಾರವೇ ಅವನ ಅಣ್ಣ ಬಂದು ಅವನನ್ನು ಡಾಕ್ಟರ ಬಳಿಗೆ ಕರೆದೊಯ್ದನಂತೆ. ಸ್ಪ್ರಿಂಗ್ ಬರುವುದಕ್ಕೆ ಮತ್ತೂ ಕೆಲವು ತಿಂಗಳು ಹಿಡಿಯಿತು. ಬಂದೂಕು ಸಿಕ್ಕಿತು, ಬಾಗಿಲ ಡ್ಯೂಟಿಯೂ ಸಿಕ್ಕಿತು, ಆದರೆ ಅವನು ಥ್ಯಾಂಕ್ಸು ಎನ್ನಲಿಲ್ಲ. ಮುಂದೆ ಪ್ರತಿ ಸಲವೂ ಗುಮ್ಮನ ಹಾಗೆ ಬಂದು, ಬಂದೂಕು ಕೊಟ್ಟು, ಗುಮ್ಮನ ಹಾಗೆ ಹೋಗುತ್ತಿದ್ದ.

ನಾಳೆಯಪ್ಪನ ಹೆಂಡತಿ ತೀರಿಕೊಂಡದ್ದು ಯಾರೂ ಎಣಿಸದ ರೀತಿಯಲ್ಲಿ. ಜ್ವರವೆಂದು ಆಸ್ಪತ್ರೆಗೆ ಸೇರಿದವಳು ಕೌಂಟರಿನ ಮೇಲೆ ಕನ್ನಡಕ ಮರೆತು ಹೋಗಿದ್ದಳು. ಸಂಜೆ ತಂದುಕೊಡಿ ಎಂದಿದ್ದಳು. ಸಂಜೆಗೆ ಅದರ ಅಗತ್ಯ ಬೀಳಲಿಲ್ಲ. ಮಕ್ಕಳಿರಲಿಲ್ಲ. ಅಂಗಡಿಯ ಮೇಲಿನ ಮನೆಯಲ್ಲಿ ಉಳಿದವರು ಅವನೂ ಅವನ ವಿಧವೆ ಅಕ್ಕನೂ. ಅಕ್ಕನಿಗೆ ಕಿವಿ ಮಂದ, ಬಾಯಿ ಜೋರು. ತಟ್ಟೆಯಲ್ಲಿ ಊಟ ಹಾಗೇ ಉಳಿದಿದ್ದರೆ, "ನನ್ನ ಅಡುಗೆ ರುಚಿ ಹತ್ತಲ್ಲ ನಿನಗೆ, ಅವಳು ನಿನ್ನ ನಾಲಿಗೆ ಕೆಡಿಸಿಟ್ಟಿದ್ದಾಳೆ" ಎಂದು ಗೊಣಗಿ, ಒಳಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅವನ ಬಲಗೈ ನಡುಗತೊಡಗಿತು. ಒಮ್ಮೆ ಒಂದು ಸಣ್ಣ ಸ್ಕ್ರೂ ಬೆರಳಿನಿಂದ ಜಾರಿ ಬಿತ್ತು. ನೆಲದ ಮೇಲೆ ಮಂಡಿಯೂರಿ ಹುಡುಕುತ್ತ ಹುಡುಕುತ್ತ, ಯಾಕೆ ಹುಡುಕುತ್ತಿದ್ದೇನೆ ಎಂಬುದೇ ಮರೆತುಹೋಗಿ ಸಂಜೆಯವರೆಗೆ ಮೇಜಿನ ಕೆಳಗೇ ಕೂತಿದ್ದ. ನಿದ್ದೆ ಎಂಬುದು ದೂರದ ನೆಂಟನ ಹಾಗೆ ಯಾವಾಗಲೋ ಬಂದು ನಿಂತ ಕಾಲಲ್ಲೇ ಹೋಗುತ್ತಿತ್ತು. ಅಷ್ಟರಲ್ಲಿ ಅವನ ಸ್ವಂತ ಬಂದೂಕಿನ ಲೈಸೆನ್ಸೂ ಮುಗಿಯಿತು. ಅದು ಅಪ್ಪನಿಂದ ಬಂದ ಜೋಡುನಳಿಗೆ, ಸ್ಟ್ಯಾಂಡಿನ ತುದಿಯಲ್ಲಿ ಇರುತ್ತಿತ್ತು. ಡಾಕ್ಟರ ಮುಂದೆ ಕೂತ.

"ನಿದ್ದೆ ಬರುತ್ತಾ?"

"ಬರುತ್ತೆ."

"ಊಟ?"

"ಏನೂ ತೊಂದ್ರೆ ಇಲ್ಲ ಡಾಕ್ಟ್ರೇ."

"ಕೈ ನಡುಗುತ್ತಲ್ಲ?"

"ಅರ ಹಿಡಿದು ಹಿಡಿದು ಸೋತಿದೆ."

ಇಷ್ಟು ವರ್ಷ ಇವೇ ಸುಳ್ಳುಗಳನ್ನು ಹೇಳಿಬಂದವರನ್ನು ಕೌಂಟರಿನಾಚೆ ನಿಲ್ಲಿಸಿ ನೋಡಿದ್ದವನು ತಾನೂ ಅವನ್ನೇ ಒಪ್ಪಿಸಿದ. ನಿಜ ಹೇಳಿದರೆ ಬಂದೂಕಿನ ಲೈಸೆನ್ಸೂ ಹೋಗುತ್ತದೆ, ಅಂಗಡಿಯ ಪರವಾನಗಿಯೂ ಹೋಗುತ್ತದೆ, ಆಮೇಲೆ ತಾನು ಯಾರು ಎಂಬ ಭಯ ಒಂದು. ಇನ್ನೊಂದು ಕಾರಣವನ್ನು ಅವನು ತನಗೂ ಪೂರ್ತಿ ಹೇಳಿಕೊಂಡಿರಲಿಲ್ಲ. ಜೋಡುನಳಿಗೆಗೂ ತನಗೂ ನಡುವೆ ಯಾರೂ ಬರುವುದು ಅವನಿಗೆ ಬೇಡವಾಗಿತ್ತು.

ಅದಾದ ಮೇಲೆ ಊರು ಒಂದು ಸೋಜಿಗ ಕಂಡಿತು. ನಾಳೆಯಪ್ಪ ಬಂದೂಕುಗಳನ್ನು ಹೇಳಿದ ದಿನಕ್ಕೆ ಕೊಡತೊಡಗಿದ. ತಂದುಕೊಟ್ಟ ದಿನವೇ ವಾಪಸು ಕೊಟ್ಟ. ಹಳೆಯದಾಗಿ ಮೂಲೆ ಹಿಡಿದಿದ್ದವನ್ನು ತಾನೇ ಹೇಳಿಕಳಿಸಿ ಕರೆದು ಕೊಟ್ಟ. ಕ್ಲಬ್ಬಿನ ನಿವೃತ್ತರು ಬಿದ್ದುಬಿದ್ದು ನಕ್ಕರು. ನಾಳೆಯಪ್ಪ ಹೋಗಿ ಇವತ್ತಪ್ಪ ಆದ ಎಂದರು. ಹೆಂಡತಿಯೇ ಅವನನ್ನು ಸೋಮಾರಿ ಮಾಡಿದ್ದಳೇನೋ ಎಂದೂ ಒಬ್ಬರು ಅಂದರು. ಅಂಥವರಿಗೆ ಏನು ಹೇಳುವುದು! ಅಕ್ಕನಿಗಂತೂ ಖುಷಿಯೋ ಖುಷಿ. "ಕೊನೆಗೂ ಬುದ್ಧಿ ಬಂತು ನನ್ನ ತಮ್ಮನಿಗೆ" ಎಂದು ಮಹಡಿಯಿಂದ ಬೀದಿಗೆಲ್ಲ ಕೇಳುವಂತೆ ಹೇಳಿದಳು.

ಅವನ ಲೆಕ್ಕ ಅಂಗಡಿಯವನ ಲೆಕ್ಕವೇ ಆಗಿತ್ತು. ತನಗೇನಾದರೂ ಆದರೆ ಪೊಲೀಸರು ಅಂಗಡಿಗೆ ಬೀಗ ಜಡಿಯುತ್ತಾರೆ, ಕಂಡವರ ಬಂದೂಕುಗಳು ಒಳಗೆ ಸಿಕ್ಕಿಹಾಕಿಕೊಳ್ಳುತ್ತವೆ, ಗಾರ್ಡುಗಳ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ. ಮೊದಲು ಅವರವರದನ್ನು ಅವರವರಿಗೆ ಮುಟ್ಟಿಸಬೇಕು. ಹೀಗೆ ಯೋಚಿಸುವಾಗ ಅವನ ಮನಸ್ಸು ಎಷ್ಟೋ ದಿನದ ಮೇಲೆ ಹಗುರವಾಗಿತ್ತು. ಬೇರೆ ಯಾರಾದರೂ ಇಷ್ಟು ಹಗುರಾಗಿ ಅಂಗಡಿಗೆ ಬಂದಿದ್ದರೆ ಕೌಂಟರಿನಿಂದ ಒಂದು ಪ್ರಶ್ನೆ ಬರುತ್ತಿತ್ತು. ಕೌಂಟರಿನಲ್ಲಿ ಈಗ ಯಾರೂ ಇರಲಿಲ್ಲ. ಅವನು ಒಳ್ಳೆಯ ಅರಗಳನ್ನು ಬೀಗದವನಿಗೆ ಕೊಟ್ಟ, ಎಣ್ಣೆಯ ಡಬ್ಬಗಳನ್ನು ಹೊಲಿಗೆ ಯಂತ್ರದವನಿಗೆ ಕೊಟ್ಟ, ಮೇಜು ಒರೆಸಿದ.

ಕೊನೆಗೆ ಉಳಿದದ್ದು ಬ್ಯಾಂಕಿನ ಗಾರ್ಡಿನ ಬಂದೂಕು. ಬೆಳಿಗ್ಗೆ ತಂದುಕೊಟ್ಟಿದ್ದ, ಮಧ್ಯಾಹ್ನ ಸುಮ್ಮನೆ ವಿಚಾರಿಸಲೆಂದು ಬಂದ. ಹೊರಗೆ ಮಳೆ ಹಿಡಿದಿತ್ತು.

"ಆಗಿದೆ, ತಗೋ" ಎಂದು ನಾಳೆಯಪ್ಪ ಬಂದೂಕನ್ನೂ ಚೀಟಿಯನ್ನೂ ಕೌಂಟರಿನ ಮೇಲಿಟ್ಟ.

ಗಾರ್ಡು ಬಂದೂಕು ಬಿಚ್ಚಿ ನೋಡಿದ. ಎಲ್ಲ ಸರಿಯಾಗಿತ್ತು. ಚೀಲಕ್ಕೆ ಹಾಕಿ ಜಿಪ್ಪು ಎಳೆದು ಹೊರಟ.

"ನೆನೀತೀಯ" ಎಂದ ನಾಳೆಯಪ್ಪ. ಬಾಗಿಲ ಹಿಂದಿನ ಮೊಳೆಯಿಂದ ಛತ್ರಿ ತೆಗೆದು ಚಾಚಿದ. "ತಗೊಂಡು ಹೋಗು. ವಾಪಸ್ ತರೋದೇನೂ ಬೇಡ."

ಗಾರ್ಡು ಛತ್ರಿಯನ್ನು ನೋಡಿದ. ಹಿಡಿಯ ಮೇಲೆ ಧೂಳು ಗಟ್ಟಿಯಾಗಿ ಕೂತಿತ್ತು. ತಲೆಯೆತ್ತಿ ಸ್ಟ್ಯಾಂಡನ್ನು ನೋಡಿದ. ಸರಪಳಿ ಜೋತುಬಿದ್ದಿತ್ತು. ತುದಿಯಲ್ಲಿ ಒಂದೇ ಒಂದು ಬಂದೂಕು ಇತ್ತು.

"ಅದು ಯಾರದ್ದು?"

"ನಂದೇ."

"ಮಿಕ್ಕಿದ್ದೆಲ್ಲ?"

"ಕೊಟ್ಟೆ. ಎಲ್ಲರಿಗೂ ಕೊಟ್ಟಾಯ್ತು."

ಗಾರ್ಡು ತನ್ನ ಚೀಲ ಕೆಳಗಿಟ್ಟು, ಸ್ಟೂಲು ಎಳೆದುಕೊಂಡು ಬಾಗಿಲಿಗೆ ಅಡ್ಡವಾಗಿ ಕೂತ. ಛತ್ರಿ ತೆಗೆದುಕೊಳ್ಳಲಿಲ್ಲ.

"ಯಜಮಾನ್ರೇ, ನನ್ನನ್ನ ಎಷ್ಟು ತಿಂಗಳು ಅಲೆಸಿದ್ರಿ, ನೆನಪಿದೆಯಾ? ಸ್ಕೂಟರ್ ಸ್ಟ್ಯಾಂಡಲ್ಲಿ ನನ್ನ ಮಗನ ಮೇಷ್ಟ್ರೇ ಬಂದು ಗಾಡಿ ನಿಲ್ಲಿಸಿ ಹೋದ್ರು. ಮುಖ ಎಲ್ಲಿಟ್ಕೊಳ್ಳಲಿ ಅಂತ ಗೊತ್ತಾಗಲಿಲ್ಲ."

"ಗೊತ್ತು. ನನ್ನ ಮೇಲೆ ಸಿಟ್ಟಿದೆ ನಿನಗೆ."

"ಇದೆ. ಈಗಲೂ ಇದೆ." ಗಾರ್ಡು ಚೀಲವನ್ನು ಕಾಲ ಬಳಿಗೆ ಎಳೆದುಕೊಂಡ. "ಆಗ ಬೆಳಿಗ್ಗೆ ಏಳೋದಕ್ಕೆ ನನಗೆ ಒಂದೇ ಕಾರಣ ಇತ್ತು. ನಿಮ್ಮ ಅಂಗಡಿಗೆ ಬಂದು ಜಗಳ ಆಡ್ಬೇಕು. ಇವತ್ತು ಏನಂತ ಬೈಯಲಿ ಅಂತ ರಾತ್ರಿಯೆಲ್ಲ ಯೋಚನೆ ಮಾಡ್ತಿದ್ದೆ. ಬೇರೇನೂ ಯೋಚನೆ ಮಾಡೋಕೆ ಪುರುಸೊತ್ತೇ ಸಿಗಲಿಲ್ಲ."

ನಾಳೆಯಪ್ಪ ಛತ್ರಿಯನ್ನು ಕೌಂಟರಿನ ಮೇಲೆ ಇಟ್ಟ.

"ಸ್ಪ್ರಿಂಗ್ ಬಂತಾ ಅಂತ ಅಮ್ಮ ಕೇಳೋರು" ಎಂದ ಗಾರ್ಡು. "ಈಗ ಕೇಳೋರು ಯಾರೂ ಇಲ್ಲ, ಅದಕ್ಕೆ ನಾನೇ ಕೇಳ್ತೀನಿ. ಆ ಬಂದೂಕು ಇಳಿಸಿ. ನನ್ನ ಮುಂದೇನೇ ಬಿಚ್ಚಿ, ಸ್ಪ್ರಿಂಗ್ ತೆಗೀರಿ."

"ನನ್ನ ಬಂದೂಕು, ನನ್ನ ಅಂಗಡಿ. ನೀನ್ಯಾರು ಕೇಳೋಕೆ?"

"ಬೈಯೋದಾದ್ರೆ ಕೂತು ಬೈಯಿರಿ. ನಿಂತು ಬೈದ್ರೆ ಗಂಟಲು ನೋಯುತ್ತೆ."

ಆ ಮಾತು ಕೇಳಿದ್ದೇ ತಡ, ನಾಳೆಯಪ್ಪ ಹೆಂಡತಿ ಕೂರುತ್ತಿದ್ದ ಕುರ್ಚಿಯಲ್ಲಿ, ಅವಳು ಹೋದ ಮೇಲೆ ಮೊದಲ ಬಾರಿಗೆ, ಕುಸಿದು ಕೂತ. ಆಸ್ಪತ್ರೆಯಲ್ಲಿ ಅಳದವನು, ಮಣ್ಣು ಮಾಡುವಾಗ ಅಳದವನು, ಬೀದಿಯ ಬಾಗಿಲು ಹಾರುಹೊಡೆದಿದ್ದರೂ ನಾಚದೆ ಅತ್ತ. ಗಾರ್ಡು ಸಮಾಧಾನ ಹೇಳಲಿಲ್ಲ, ಅದು ಅವನಿಗೆ ಬರುತ್ತಲೂ ಇರಲಿಲ್ಲ. ಬಾಗಿಲು ಬಿಟ್ಟು ಮಾತ್ರ ಏಳಲಿಲ್ಲ.

ಬಹಳ ಹೊತ್ತಿನ ಮೇಲೆ ನಾಳೆಯಪ್ಪ ಎದ್ದು ಸೊಂಟದ ಬೀಗದ ಕೈ ತೆಗೆದ. ಜೋಡುನಳಿಗೆಯನ್ನು ಮೇಜಿನ ಮೇಲಿಟ್ಟು, ಪಕ್ಕದ ತಗಡುಗಳನ್ನು ಬಿಚ್ಚಿದ. ಕೈ ನಡುಗಿದ್ದರಿಂದ ಅದಕ್ಕೆ ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಗುಂಡು ಹಾರಲು ಬೇಕಾದ ಎರಡೂ ಸ್ಪ್ರಿಂಗುಗಳನ್ನು ಹೊರತೆಗೆದು ಬಟ್ಟೆಯಲ್ಲಿ ಒರೆಸಿ ಕೌಂಟರಿನ ಮೇಲೆ ಇಟ್ಟ. ಗಾರ್ಡು ಅವನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ. ಕಾನೂನು ಬಲ್ಲವರು ಇದು ಸರಿಯಲ್ಲ ಎನ್ನಬಹುದು. ಅನ್ನಲಿ.

"ಯಾವಾಗ ವಾಪಸ್ ಕೊಡ್ತೀಯ?" ಎಂದು ನಾಳೆಯಪ್ಪ ಕೇಳಿದ.

"ನಾಳೆ ಬನ್ನಿ."

ಛತ್ರಿಯನ್ನು ಅದರ ಮೊಳೆಗೇ ತೂಗುಹಾಕಿ, ತನ್ನ ಚೀಲ ಹೆಗಲಿಗೇರಿಸಿ, ಮಳೆಯಲ್ಲಿ ನೆನೆಯುತ್ತಲೇ ಅವನು ಹೋದ.

ಮರುದಿನ ನಾಳೆಯಪ್ಪ ಬ್ಯಾಂಕಿನ ಬಾಗಿಲಿಗೆ ಹೋಗಿ ಜಗಳವಾಡಿದ. ಅದರ ಮರುದಿನವೂ ಆಡಿದ. ಗಿರಾಕಿಗಳು ತಿರುಗಿ ನೋಡುತ್ತಿದ್ದರು, ಮ್ಯಾನೇಜರು ಒಳಗಿನಿಂದ ಇಣುಕುತ್ತಿದ್ದರು. ಜಗಳವಾಡಿ ಹಸಿವಾಗಿ ಮನೆಗೆ ಬಂದು ಒಂದು ದಿನ ತಟ್ಟೆ ಖಾಲಿ ಮಾಡಿದ. ಅಕ್ಕ ಅದನ್ನು ತನ್ನ ಅಡುಗೆಯ ಹೆಗ್ಗಳಿಕೆಗೆ ಸೇರಿಸಿಕೊಂಡಳು. ಒಂದು ಬೆಳಿಗ್ಗೆ ಗಾರ್ಡು ರಜೆ ಹಾಕಿ ಅವನನ್ನು ತನ್ನ ಡಾಕ್ಟರ ಬಳಿಗೇ ಕರೆದೊಯ್ದ. ನಿದ್ದೆ ಬರುತ್ತಾ ಎಂದು ಅವರು ಕೇಳಿದಾಗ ನಾಳೆಯಪ್ಪ ಗಾರ್ಡಿನ ಮುಖ ನೋಡಿ, "ಇಲ್ಲ" ಎಂದ. ಮಿಕ್ಕದ್ದನ್ನೂ ಹೇಳಿದ.

ಹೆದರಿದ್ದೆಲ್ಲ ಆಯಿತು. ಲೈಸೆನ್ಸು ಹೋಯಿತು. ಜೋಡುನಳಿಗೆ ಪೊಲೀಸ್ ಠಾಣೆಯ ಕಪಾಟು ಸೇರಿತು. ಅಂಗಡಿಯ ಪರವಾನಗಿಯನ್ನು ತಡೆಹಿಡಿದರು, ಬೋರ್ಡಿಗೆ ಗೋಣಿಪಟ್ಟೆ ಹೊದಿಸಬೇಕಾಯಿತು. ಊರಿನ ಬಾಯಿ ಕೇಳಬೇಕೇ? ತಲೆ ಕೆಟ್ಟಿತಂತೆ ಎಂದವರೂ ಇದ್ದರು. ಅಷ್ಟು ವರ್ಷ ಹೆಮ್ಮೆಯಿಂದ ಕೂತ ಮೇಜು ಬಿಟ್ಟು ಅವನು ಹೊಲಿಗೆ ಯಂತ್ರದವನ ಅಂಗಡಿಯ ಮೂಲೆಯಲ್ಲಿ ಕೂತು ಪೆಡಲು, ಬೆಲ್ಟು ಸರಿಮಾಡುತ್ತಾನೆ. ಮಾತ್ರೆಯಿಂದ ನಡುಕ ಸ್ವಲ್ಪ ಇಳಿದಿದೆ, ಪೂರ್ತಿ ಹೋಗಿಲ್ಲ. ಹೆಂಗಸರು ಯಂತ್ರ ಯಾವಾಗ ಸಿಗುತ್ತದೆ ಎಂದು ಕೇಳಿದರೆ ಇವತ್ತೇ ಎನ್ನುತ್ತಾನೆ, ಇವತ್ತೇ ಕೊಡುತ್ತಾನೆ.

ಬೆಳಿಗ್ಗೆ ಮಾತ್ರ ಮೊದಲು ಬ್ಯಾಂಕಿನ ಕಡೆಗೆ ಹೋಗುತ್ತಾನೆ. ಗಾರ್ಡು ಬಾಗಿಲ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಸಿದ್ದಾನೆ. ಬಂದೂಕು ಈಗ ಠಾಣೆಯಲ್ಲಿದೆ ಎಂಬುದು ಇಬ್ಬರಿಗೂ ಗೊತ್ತು. ಆದರೂ ಅವನು ಸ್ಟೂಲಿನ ಮೇಲೆ ಕೂತು, ಚಪ್ಪಲಿ ಕೊಡವಿಕೊಂಡು, ಕೇಳುತ್ತಾನೆ.

"ಸ್ಪ್ರಿಂಗ್ ಬಂತೇನಪ್ಪಾ?"

"ಇಲ್ಲ ಯಜಮಾನ್ರೇ" ಎನ್ನುತ್ತಾನೆ ಗಾರ್ಡು, ಜೇಬಿನ ಗುಂಡಿ ಮುಟ್ಟಿ ನೋಡಿಕೊಳ್ಳುತ್ತ. "ಇನ್ನೂ ಬಂದಿಲ್ಲ. ನಾಳೆ ಬನ್ನಿ."